ಅತ್ತೆಯವರ ಗ್ರೈಂಡರ್ ಮತ್ತು ಕ್ಯಾಂಪರಿನ ತೂಕ

ಅಮೆರಿಕದ ಮಿನೆಸೋಟದಲ್ಲಿ ಹಳೆಯ ಕ್ಯಾಂಪರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಚಕ್ರದ ಮನೆ, ಮಾರುವವರೆಲ್ಲರೂ ಅದನ್ನು ಹಗುರವೆಂದೇ ಕರೆಯುತ್ತಾರೆ; ಇನ್ನು ಮುಂದೆ ಎಳೆಯಬೇಕಾದದ್ದು ಕೊಂಡವರ ಗಾಡಿಯಾದ್ದರಿಂದ ಹಾಗೆ ಕರೆಯಲು ಅವರಿಗೆ ಯಾವ ಸಂಕೋಚವೂ ಇರುವುದಿಲ್ಲ. ನಮ್ಮ ಪಾಲಿಗೆ ಬಂದ 16 ಅಡಿಯ ಫೈಬರ್‌ಗ್ಲಾಸ್ ಕ್ಯಾಂಪರ್ ಮಾತ್ರ, ನ್ಯಾಯವಾಗಿ ಹೇಳಬೇಕೆಂದರೆ, ತನ್ನ ಜಾತಿಯಲ್ಲಿ ನಿಜಕ್ಕೂ ಹಗುರವಾದದ್ದು. ಮೇಲೊಂದು ಕೆಳಗೊಂದು ಚಿಪ್ಪನ್ನು ಕೂಡಿಸಿ ಮಾಡುವ ಈ ಮಾದರಿಯನ್ನು 1968ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ರೇ ಓಲೆಕೊ ಎಂಬಾತ ಬೋಲರ್ ಎಂಬ ಹೆಸರಿನಲ್ಲಿ ಹೊರತಂದ. ಅದಕ್ಕೆ ಮುಂಚೆ ಆತ ಅದೇ ಫೈಬರ್‌ಗ್ಲಾಸಿನಿಂದ ಹಗುರವಾದ ಸೆಪ್ಟಿಕ್ ಟ್ಯಾಂಕ್ ತಯಾರಿಸಿದ್ದ. ನಮ್ಮ ರಾಜ್ಯದಲ್ಲೇ ಬ್ಯಾಕಸ್ ಎಂಬ ಸಣ್ಣ ಊರಿನಲ್ಲಿ 1970ರ ದಶಕದಿಂದ ತಯಾರಾಗುತ್ತಿರುವ ಸ್ಕ್ಯಾಂಪ್ ಕ್ಯಾಂಪರುಗಳೂ ಇದೇ ವಂಶದವು. ಈ ಚರಿತ್ರೆಯನ್ನು ನಾನು ಊಟದ ಹೊತ್ತಿನಲ್ಲಿ ಉತ್ಸಾಹದಿಂದ ವಿವರಿಸಿದ್ದರ ಫಲವಾಗಿ, ಬೇಸಿಗೆ ಕಳೆಯಲೆಂದು ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಗಂಗಾಜಲದ ಗಿಂಡಿ ಹಿಡಿದು, ಕ್ಯಾಂಪರಿನ ಮೂಲೆಮೂಲೆಗೂ ಪ್ರೋಕ್ಷಣೆ ಮಾಡಿದ ನಂತರವೇ ಅದರ ಒಲೆಯನ್ನು ಮುಟ್ಟಲು ಒಪ್ಪಿದರು.

ಎಳೆಯಬೇಕಾಗಿದ್ದ ನಮ್ಮ ಎಸ್‌ಯುವಿ 2007ರ ಮಾಡೆಲ್. 1,40,000 ಮೈಲಿ ಓಡಿ, ಮಕ್ಕಳ ಬಿಸ್ಕತ್ತಿನ ಪುಡಿಯನ್ನೂ ಹಲವು ಚಳಿಗಾಲಗಳ ಉಪ್ಪನ್ನೂ ಮೈಯಲ್ಲಿ ತುಂಬಿಕೊಂಡಿದ್ದ ಅದಕ್ಕೆ ಹಿಂದೆ ಏನನ್ನೂ ಕಟ್ಟಿಕೊಂಡು ಅಭ್ಯಾಸವಿರಲಿಲ್ಲ. ಅದರ ಕೈಪಿಡಿಯಲ್ಲಿ ವಿಚಿತ್ರವಾದ ಒಂದು ನಿಯಮವಿತ್ತು: ದೋಣಿಯಾದರೆ 4,500 ಪೌಂಡಿನವರೆಗೆ ಎಳೆಯಬಹುದು, ಕ್ಯಾಂಪರ್ ಆದರೆ 3,500 ಮಾತ್ರ. ಲೋಕೋಪಯೋಗಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರಾಗಿ ನಿವೃತ್ತರಾಗಿದ್ದ ನಮ್ಮ ಮಾವನವರಿಗೆ, ಒಂದೇ ಗಾಡಿಗೆ ಎರಡು ಮಿತಿಗಳಿರುವುದು ಟೆಂಡರ್ ನಿಯಮಗಳ ಉಲ್ಲಂಘನೆಯಂತೆ ತೋರಿತು. ಚೂಪು ಮೂತಿಯ, ತಗ್ಗಾದ ದೋಣಿಗಿಂತ ಗೋಡೆಯಂತೆ ಎದ್ದು ನಿಂತ ಕ್ಯಾಂಪರಿಗೆ ಗಾಳಿಯ ತಡೆ ಬಹಳ ಹೆಚ್ಚೆಂದೂ, ಹೆದ್ದಾರಿಯ ವೇಗದಲ್ಲಿ ಎಂಜಿನ್ನಿನ ಶಕ್ತಿಯ ಬಹುಪಾಲನ್ನು ಗಾಳಿಯೇ ನುಂಗುತ್ತದೆಂದೂ ನಾನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅಳಿಯಂದಿರೇ, ಕ್ಯಾಂಪರನ್ನು ಮಗುಚಿ ಹಾಕಿ ಎಳೆದರೆ ದೋಣಿಯ ಲೆಕ್ಕಕ್ಕೆ ಬರುವುದಿಲ್ಲವೇ?" ಎಂದು ಗಂಭೀರವಾಗಿ ಕೇಳಿದರು. ಅವರು ತಮಾಷೆ ಮಾಡುತ್ತಿದ್ದರೋ ಇಲ್ಲವೋ ಎಂಬುದು ನನಗೆ ಇಂದಿಗೂ ಸ್ಪಷ್ಟವಿಲ್ಲ.

ಮೊದಲ ಕೆಲಸ ಗಾಡಿಯ ಹಿಂಬದಿಗೆ ಹಿಚ್, ಅಂದರೆ ಕ್ಯಾಂಪರನ್ನು ಸಿಕ್ಕಿಸುವ ಕೊಂಡಿ, ಕೂರಿಸುವುದು. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಸೂಚನೆಯ ಪ್ರಕಾರ ಇದು ಮುಕ್ಕಾಲು ಗಂಟೆಯ ಕೆಲಸ; ಆ ಸೂಚನೆಯನ್ನು ಬರೆದವರು ಹಿಮ ಬೀಳದ, ರಸ್ತೆಗೆ ಉಪ್ಪು ಸುರಿಯದ ಯಾವುದೋ ಪುಣ್ಯಭೂಮಿಯಲ್ಲಿ ವಾಸಿಸುತ್ತಿರಬೇಕು. ಹಿಚ್ಚಿನ ಬೋಲ್ಟುಗಳು ಹೋಗಿ ಕೂರಬೇಕಾದ ನಟ್‌ಗಳು ಕಾರ್ಖಾನೆಯಲ್ಲೇ ಫ್ರೇಮಿನೊಳಗೆ ಬೆಸುಗೆಯಾಗಿ ಬಂದಿರುತ್ತವೆ. ನಮ್ಮ ಗಾಡಿಯಲ್ಲಿ ಅವುಗಳ ತಿರುಪಿನ ಮರೆಗಳೆಲ್ಲ ತುಕ್ಕು ತುಂಬಿ ನಯವಾಗಿ ಮುಚ್ಚಿಹೋಗಿದ್ದು, ಅಲ್ಲೊಂದು ತೂತು ಇದ್ದದ್ದಕ್ಕೆ ಕೈಪಿಡಿಯ ಚಿತ್ರವೊಂದೇ ಸಾಕ್ಷಿಯಾಗಿತ್ತು. ಸೈಲೆನ್ಸರ್ ತೂಗುಹಾಕಿದ್ದ ರಬ್ಬರುಗಳನ್ನು ಬಿಡಿಸಿ, ಅದನ್ನು ಹಗ್ಗದಿಂದ ಇಳಿಬಿಟ್ಟು, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಮರೆ ಕೊರೆಯುವ ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತ ಮಲಗಿದ್ದಾಗ, ಪ್ರತಿ ತಿರುವಿಗೂ ಕೆಂಪು ಪುಡಿ ಕನ್ನಡಕದ ಸಂದಿನಿಂದ ನುಸುಳಿ ಹುಬ್ಬಿನ ಮೇಲೆ ಬೀಳುತ್ತಿತ್ತು. ನನ್ನ ಹೆಂಡತಿ ಬಾಗಿ ನೋಡಿ, "ರೀ, ಕಾಫಿ ಅಲ್ಲಿಗೇ ತರಲೇ ಅಥವಾ ಹೊರಗೆ ಬರುವ ಅಂದಾಜು ಇದೆಯೇ?" ಎಂದು ಕೇಳಿದಳು. ಆ ಪ್ರಶ್ನೆ ಅಂದು ಒಂದೇ ಸಲ ಬಂದದ್ದಲ್ಲ.

ಗೇರ್ ಎಣ್ಣೆಯ ಸಂಗತಿಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಹಳೆಯ ಆಟೊಮ್ಯಾಟಿಕ್ ಗಾಡಿ ಭಾರ ಎಳೆಯುವಾಗ ಮೊದಲು ಸೋಲುವುದು ಎಂಜಿನ್ ಅಲ್ಲ, ಬಿಸಿಯಾಗುವ ಗೇರ್‌ಬಾಕ್ಸ್. ಕೆಂಪಗಿರಬೇಕಾದ ನಮ್ಮ ಎಣ್ಣೆ ಅತ್ತೆಯವರ ಶುಂಠಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಅದನ್ನು ಬದಲಾಯಿಸಿ, ರೇಡಿಯೇಟರಿನ ಮುಂದೆ ಒಂದು ಪುಟ್ಟ ಕೂಲರ್ ಹಾಕಿಸಿ, ಬಿಲ್ಲನ್ನು ಯಾರ ಕಣ್ಣಿಗೂ ಬೀಳದಂತೆ ಗ್ಲವ್ ಬಾಕ್ಸಿನಲ್ಲಿ ಇಟ್ಟೆವು.

ವೈರಿಂಗ್ ಮಾತ್ರ ವಿಸ್ತಾರವಾಗಿ ಹೇಳಬೇಕಾದ ವಿಷಯ. ಅಮೆರಿಕದ ಟ್ರೇಲರುಗಳ ಹಿಂದೆ ಪ್ರತಿ ಬದಿಗೂ ಒಂದೇ ಕೆಂಪು ದೀಪವಿದ್ದು, ಬ್ರೇಕಿನ ಕೆಲಸವನ್ನೂ ಇಂಡಿಕೇಟರಿನ ಕೆಲಸವನ್ನೂ ಅದೇ ಮಾಡುತ್ತದೆ. ನಮ್ಮ ಜಪಾನಿ ಗಾಡಿಯಲ್ಲಾದರೋ ಬ್ರೇಕಿಗೆ ಕೆಂಪು, ಇಂಡಿಕೇಟರಿಗೆ ಹಳದಿ, ಎರಡಕ್ಕೂ ಬೇರೆಬೇರೆ ತಂತಿ. ಈ ಎರಡು ಪದ್ಧತಿಗಳ ನಡುವೆ ಸಂಧಾನ ಮಾಡಲು ಕನ್ವರ್ಟರ್ ಎಂಬ ಬೆಂಕಿಪೊಟ್ಟಣದ ಗಾತ್ರದ ಕರಿಯ ಡಬ್ಬಿ ಬೇಕು. ಅದನ್ನು ಜೋಡಿಸಿಕೊಡಲು ಬಂದ ನಮ್ಮ ಸ್ನೇಹಿತರು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದೊಡ್ಡ ಹೆಸರು ಮಾಡಿದವರು. ಹಳದಿ ತಂತಿ ಎಡಕ್ಕೆ, ಹಸಿರು ಬಲಕ್ಕೆ, ಕಂದು ಹಿಂದೀಪಕ್ಕೆ, ಬಿಳಿ ಅರ್ಥಿಂಗಿಗೆ ಎಂದು ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಸೇರಿಸಿದರು. ಆದರೂ ಎಡಕ್ಕೆ ಇಂಡಿಕೇಟರ್ ಹಾಕಿದರೆ ಕ್ಯಾಂಪರಿನ ಅಷ್ಟೂ ದೀಪಗಳು ಒಟ್ಟಾಗಿ, ಮಂದವಾಗಿ ಮಿನುಗಿದವು. ಬ್ರೇಕ್ ಒತ್ತಿದರೆ ಎಲ್ಲವೂ ಆರಿದವು. ಸ್ನೇಹಿತರು ಲ್ಯಾಪ್‌ಟಾಪ್ ತೆರೆದು ಯಾವ ಸ್ವಿಚ್ಚಿಗೆ ಯಾವ ದೀಪ ಎಂಬ ಕೋಷ್ಟಕವನ್ನು ರಚಿಸಿ, ಸಮಸ್ಯೆ ಕನ್ವರ್ಟರಿನ ಒಳಗಿನ ತರ್ಕದಲ್ಲೇ ಇದೆ ಎಂದು ಘೋಷಿಸುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ, ಬಿಳಿ ತಂತಿಯನ್ನು ಬಿಗಿದಿದ್ದ ಬೋಲ್ಟಿನ ಸುತ್ತ ಪೇಂಟ್ ಮತ್ತು ತುಕ್ಕು ಹಾಗೇ ಇದೆಯಲ್ಲ ಎಂದು, ಅಡುಗೆಮನೆಯ ಸ್ಟೀಲ್ ನಾರಿನಿಂದ ಆ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿದಳು. ಅರ್ಥಿಂಗ್ ಸಿಗದ ಕರೆಂಟು ಮನೆಗೆ ಮರಳುವ ದಾರಿ ಹುಡುಕುತ್ತ ಉಳಿದ ಬಲ್ಬುಗಳೊಳಗೆಲ್ಲ ನುಗ್ಗುತ್ತಿತ್ತು. ದೀಪಗಳು ತಕ್ಷಣ ಸರಿಯಾದವು. ಸ್ನೇಹಿತರು ಕೋಷ್ಟಕವನ್ನು ಉಳಿಸಿಕೊಂಡು ಊಟಕ್ಕೆ ನಿಲ್ಲದೆ ಹೊರಟುಹೋದರು.

ಮಿನೆಸೋಟದಲ್ಲಿ 3,000 ಪೌಂಡಿಗಿಂತ ಕಡಿಮೆಯ ಟ್ರೇಲರಿಗೆ ಸಾಮಾನ್ಯವಾಗಿ ಪ್ರತ್ಯೇಕ ಬ್ರೇಕ್ ಕಡ್ಡಾಯವಲ್ಲ. ಆದರೆ ಕಾನೂನು ಕ್ಷಮಿಸಿದರೂ ಇಳಿಜಾರು ಕ್ಷಮಿಸುವುದಿಲ್ಲವೆಂಬುದು ಮಾವನವರ ನಿಲುವು. ಹೀಗಾಗಿ ಕ್ಯಾಂಪರಿನ ಚಕ್ರಗಳಲ್ಲಿದ್ದ ಎಲೆಕ್ಟ್ರಿಕ್ ಬ್ರೇಕಿಗೆ ಕರೆಂಟ್ ಕಳುಹಿಸುವ ಕಂಟ್ರೋಲರನ್ನು ಸ್ಟೀರಿಂಗಿನ ಕೆಳಗೆ ಕೂರಿಸಿದೆವು. ಗಾಡಿ ಎಷ್ಟು ರಭಸವಾಗಿ ನಿಧಾನವಾಗುತ್ತಿದೆ ಎಂಬುದನ್ನು ಅದು ಒಳಗಿನ ಸೆನ್ಸರಿನಿಂದ ಅರಿತು, ಅದಕ್ಕೆ ತಕ್ಕಷ್ಟೇ ಟ್ರೇಲರಿನ ಬ್ರೇಕನ್ನೂ ಹಿಡಿಸುತ್ತದೆಯಾದ್ದರಿಂದ ಸಮಮಟ್ಟದಲ್ಲಿರಬೇಕು ಎಂದು ಓದಿದ್ದೇ ತಡ, ಮಾವನವರು ತಮ್ಮ ಸೂಟ್‌ಕೇಸಿನಿಂದ ರಸಮಟ್ಟವನ್ನು ಹೊರತೆಗೆದರು. ಮಗಳ ಮನೆಗೆ ಬರುವಾಗ ಯಾರಾದರೂ ರಸಮಟ್ಟ ಏಕೆ ತರುತ್ತಾರೆ ಎಂದು ಯಾರೂ ಕೇಳಲಿಲ್ಲ.

ಇಷ್ಟಾದ ಮೇಲೆ ನಿಜವಾದ ತೊಡಕು ಎದುರಾಯಿತು. ಗಾಡಿಯ ಶಕ್ತಿಯೆಲ್ಲ ಅದು ಎಷ್ಟು ಎಳೆಯುತ್ತದೆ ಎಂಬುದರಲ್ಲಿದೆಯೆಂದು ಜಾಹೀರಾತುಗಳು ನಂಬಿಸುತ್ತವೆ. ವಾಸ್ತವದಲ್ಲಿ ಹಳೆಯ ಎಸ್‌ಯುವಿಯ ಸತ್ವಪರೀಕ್ಷೆ ಆಗುವುದು ಅದು ಎಷ್ಟು ಹೊರುತ್ತದೆ ಎಂಬುದರಲ್ಲಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮದರಲ್ಲಿ, ಜನ ಮತ್ತು ಸಾಮಾನು ಸೇರಿ 1,320 ಪೌಂಡ್ ಮೀರಕೂಡದು ಎಂದಿತ್ತು. ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಹಿಚ್ಚಿನ ಮೇಲೆ ಕೂರಬೇಕು, ಇಲ್ಲವಾದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಹೀಗೆ ಕೂತ ಭಾರವೂ ಈ 1,320ರ ಖಾತೆಗೇ ಜಮೆಯಾಗುತ್ತದೆ. ಅಂದರೆ ಆರು ಜನರ ಸಂಸಾರ ಒಳಗೆ ಕೂರುವ ಮೊದಲೇ ಸುಮಾರು 300 ಪೌಂಡ್ ಖರ್ಚು. ಮಾವನವರು ನೋಟ್‌ಬುಕ್ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಪ್ರತಿಯೊಬ್ಬರ ತೂಕವನ್ನು ದಾಖಲಿಸಲು ಕುಳಿತರು.

ಮನೆಯೊಂದರಲ್ಲಿ ಎಲ್ಲರೂ ಒಟ್ಟಾಗಿ ಸುಳ್ಳು ಹೇಳಬೇಕಾದ ಸಂದರ್ಭಗಳು ಅಪರೂಪ. ಮಕ್ಕಳು ತಮ್ಮ ತೂಕವನ್ನು ಹೆಚ್ಚಿಸಿ ಹೇಳಿದರು, ಉಳಿದವರು ಇಳಿಸಿ ಹೇಳಿದರು. ಅತ್ತೆಯವರಂತೂ ಹಿಂದೊಮ್ಮೆ ಮೈಸೂರು ರೈಲ್ವೆ ನಿಲ್ದಾಣದ ತೂಕದ ಯಂತ್ರಕ್ಕೆ ನಾಣ್ಯ ಹಾಕಿದಾಗ ಬಂದಿದ್ದ ಚೀಟಿಯಲ್ಲಿದ್ದ ತೂಕವನ್ನೇ ಅಧಿಕೃತವೆಂದು ಪ್ರಕಟಿಸಿ, ಅದೇ ಚೀಟಿಯ ಹಿಂಬದಿಯಲ್ಲಿ ತಮಗೆ ದೂರಪ್ರಯಾಣದ ಯೋಗ ಬರೆದಿತ್ತೆಂದೂ, ಭವಿಷ್ಯ ನಿಜವಾಗಿರುವಾಗ ತೂಕ ಮಾತ್ರ ಹೇಗೆ ಸುಳ್ಳಾದೀತೆಂದೂ ವಾದಿಸಿದರು. ಇವನ್ನೆಲ್ಲ ಗಾಡಿಯ ಸ್ವಂತ ತೂಕಕ್ಕೆ ಕೂಡಿಸಿದಾಗ ಎಸ್‌ಯುವಿಯ ಒಟ್ಟು ತೂಕ 5,560 ಪೌಂಡ್ ಬಂತು; ಮಿತಿ 5,720. ಮಾವನವರು ಅಡಿಗೆರೆ ಎಳೆದು ಸಹಿ ಮಾಡಿದರು.

ಹೊರಟ ದಿನ ಐ-35 ಹೆದ್ದಾರಿಯ ಪಕ್ಕದ ಟ್ರಕ್ ಸ್ಟಾಪಿನ ವೇ ಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿದಾಗ ಬಂದ ಚೀಟಿ 5,790 ಎಂದಿತು. ಆ ಯಂತ್ರ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು), ಹಿಂದಿನ ಆಕ್ಸಲ್, ಟ್ರೇಲರಿನ ಆಕ್ಸಲ್ ಎಂದು ಬಿಡಿಬಿಡಿಯಾಗಿ ತೂಗುತ್ತದೆಯೇ ಹೊರತು ಹೆಸರು ಹಿಡಿದು ತೂಗುವುದಿಲ್ಲವಾದ್ದರಿಂದ ನಮ್ಮ ಸಂಸಾರ ಉಳಿಯಿತು. ಲೆಕ್ಕಕ್ಕಿಂತ ಹೆಚ್ಚಾಗಿದ್ದ 230 ಪೌಂಡನ್ನು ಹುಡುಕಲು ಡಿಕ್ಕಿ ತೆರೆದಾಗ ಅಕ್ಕಿಯ ಚೀಲ, ಉಪ್ಪಿನಕಾಯಿಯ ಭರಣಿಗಳು, ಮಡಿಸುವ ಕುರ್ಚಿಗಳು, ಎರಡು ಕುಕ್ಕರ್, ಎಲ್ಲಕ್ಕೂ ಕೆಳಗೆ ರಜಾಯಿಯಲ್ಲಿ ಸುತ್ತಿದ್ದ ಕಲ್ಲಿನ ವೆಟ್ ಗ್ರೈಂಡರ್ ಕಂಡವು. ಮಿಕ್ಸಿಯಲ್ಲಿ ರುಬ್ಬಿದ ಇಡ್ಲಿಯನ್ನು ಸರೋವರದ ದಡದಲ್ಲಿ ಕುಳಿತು ತಿಂದರೂ ಅದು ಮಿಕ್ಸಿಯ ಇಡ್ಲಿಯೇ ಎಂದರು ಅತ್ತೆಯವರು. ಈ ಮಾತಿಗೆ ಉತ್ತರವಿಲ್ಲ.

ಮಾವನವರು ಕೂಡಲೇ 160 ಪೌಂಡಿನಷ್ಟು ಸಾಮಾನನ್ನು ಗಾಡಿಯಿಂದ ತೆಗೆಸಿ ಕ್ಯಾಂಪರಿನ ತೀರ ಹಿಂದಿನ ಬೆಂಚಿನ ಕೆಳಗೆ ಇಡಿಸಿದರು. ಗಾಡಿಯ ತೂಕವೇನೋ ಮಿತಿಯೊಳಗೆ ಬಂತು. ಆದರೆ ಟ್ರೇಲರಿನ ಚಕ್ರಗಳಿಗಿಂತ ಹಿಂದೆ ಇಟ್ಟ ಭಾರ ಅದರ ಮೂತಿಯನ್ನು ಮೇಲಕ್ಕೆತ್ತುತ್ತದೆ; ಹಿಚ್ಚಿನ ಮೇಲಿನ ಭಾರ ಶೇ. 10ಕ್ಕಿಂತ ಕೆಳಗಿಳಿಯಿತು. ದೊಡ್ಡ ಟ್ರಕ್ಕೊಂದು ಪಕ್ಕದಲ್ಲಿ ಹಾದುಹೋದಾಗ ಕನ್ನಡಿಯಲ್ಲಿ ಕಂಡ ದೃಶ್ಯವನ್ನು ನಾನು ಮರೆಯಲಾರೆ: ಬಿಳಿಯ ಕ್ಯಾಂಪರ್ ಒಮ್ಮೆ ಎಡಗನ್ನಡಿಯಲ್ಲಿ ಇಣುಕಿ, ಮರೆಯಾಗಿ, ಬಲಗನ್ನಡಿಯಲ್ಲಿ ಇಣುಕಿತು, ಮತ್ತೆ ಎಡಕ್ಕೆ ಬಂದಾಗ ಮೊದಲಿಗಿಂತ ಹೆಚ್ಚು ಕಾಣಿಸಿತು. ಇಂಥ ಹೊತ್ತಿನಲ್ಲಿ ಗಾಡಿಯ ಬ್ರೇಕನ್ನು ಜೋರಾಗಿ ಒತ್ತಬಾರದು, ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿ ಅದರೊಂದಿಗೆ ಕುಸ್ತಿಗೂ ಇಳಿಯಬಾರದು; ಆಕ್ಸಿಲರೇಟರಿನಿಂದ ಕಾಲು ತೆಗೆದು, ಕಂಟ್ರೋಲರಿನ ಗುಬುಟನ್ನು ಕೈಯಿಂದ ಮೆಲ್ಲಗೆ ಒತ್ತಿ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಸಬೇಕು. ರಸಮಟ್ಟ ಹಿಡಿದು ಕೂರಿಸಿದ ಕಂಟ್ರೋಲರ್ ತನ್ನ ಕೆಲಸ ಮಾಡಿತು. ಹಿಂದಿನ ಸೀಟಿನಲ್ಲಿ ವಿಷ್ಣುಸಹಸ್ರನಾಮ ಆರಂಭವಾಗಿತ್ತಾದ್ದರಿಂದ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಮುಂದಿನ ನಿಲುಗಡೆಯಲ್ಲಿ ಗ್ರೈಂಡರನ್ನೂ ಅಕ್ಕಿಯನ್ನೂ ಎತ್ತಿ ಆಕ್ಸಲ್ಲಿನ ನೇರಕ್ಕೆ ನೆಲದ ಮೇಲೆ ಇಟ್ಟು, ಮತ್ತೆ ತೂಗಿಸಿದಾಗ ಗಾಡಿ 5,590, ಹಿಚ್ಚಿನ ಮೇಲೆ 290, ಕ್ಯಾಂಪರ್ ಒಟ್ಟು 2,650 ಬಂತು. ಆಮೇಲೆ ಕ್ಯಾಂಪರ್ ಎರಡೂ ಕನ್ನಡಿಗಳಿಂದ ಮಾಯವಾಯಿತು.

ಡುಲೂತ್ ನಗರಕ್ಕೆ ಇಳಿಯುವ ಥಾಂಪ್ಸನ್ ಹಿಲ್‌ನಲ್ಲಿ ಸುಪೀರಿಯರ್ ಸರೋವರ ಒಮ್ಮೆಲೇ ಕಣ್ಣೆದುರು ತೆರೆದುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ನೋಡಿದ್ದು ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರನ್ನು ಮಾತ್ರ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬ ಚಾರ್ಮಾಡಿಯ ಲಾರಿ ಚಾಲಕರ ನಿಯಮವನ್ನು ಮಾವನವರು ನೆನಪಿಸುತ್ತಿದ್ದರು. ಗೇರನ್ನು ಕೆಳಕ್ಕಿಳಿಸಿದಾಗ ಹಳೆಯ ಎಂಜಿನ್ ಹಾಕಿದ ಗದ್ದಲಕ್ಕೆ ಅಕ್ಕಪಕ್ಕದ ಕಾರಿನವರು ತಿರುಗಿ ನೋಡಿದರೂ, ಬ್ರೇಕ್ ಮಾತ್ರ ಬಿಸಿಯಾಗಲಿಲ್ಲ.

ಕ್ಯಾಂಪ್‌ಗ್ರೌಂಡಿನಲ್ಲಿ ಹಿಮ್ಮುಖವಾಗಿ ನಿಲ್ಲಿಸುವ ಕಾರ್ಯದ ನೇತೃತ್ವವನ್ನೂ ಮಾವನವರೇ ವಹಿಸಿ, ಲಾರಿ ಕ್ಲೀನರುಗಳ ಪದ್ಧತಿಯಲ್ಲಿ ಕ್ಯಾಂಪರಿನ ಮೈ ತಟ್ಟಿ ಸಂಜ್ಞೆ ಕೊಟ್ಟರು. ಫೈಬರ್‌ಗ್ಲಾಸಿನ ಆ ಪೆಟ್ಟು ನನಗೆ ಕೇಳಿಸದಿದ್ದರೂ ಸುತ್ತಲಿನ ಡೇರೆಗಳವರಿಗೆಲ್ಲ ಕೇಳಿಸಿ, ಅವರು ಕುರ್ಚಿ ಸಮೇತ ಬಂದು ಕುಳಿತರು. ಸ್ಟೀರಿಂಗಿನ ಅಡಿಭಾಗವನ್ನು ಹಿಡಿದರೆ ಕೈ ಸರಿದ ಕಡೆಗೇ ಟ್ರೇಲರಿನ ಹಿಂಭಾಗವೂ ಸರಿಯುತ್ತದೆ ಎಂಬ ಉಪಾಯವನ್ನು ಅವರಲ್ಲೊಬ್ಬರು ಹೇಳಿಕೊಟ್ಟ ಮೇಲೆ ಕೆಲಸ ಬೇಗ ಮುಗಿಯಿತು. ಗ್ರೈಂಡರನ್ನು ಹೊರಗಿಳಿಸಿ, ಅತ್ತೆಯವರು ಪ್ಲಗ್ ಹಿಡಿದು ಕಂಬ ಹುಡುಕತೊಡಗಿದಾಗ ತಿಳಿದದ್ದು, ನಮಗೆ ಸಿಕ್ಕ ಜಾಗದಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲವೆಂದು. ಅಂದು ಚಿತ್ರಾನ್ನವಾಯಿತು, ಮರುದಿನವೂ ಚಿತ್ರಾನ್ನವೇ ಆಯಿತು.

ಹಿಂದಿರುಗುವ ಬೆಳಿಗ್ಗೆ ಮಾವನವರು ನೋಟ್‌ಬುಕ್ ತೆರೆದು, ಬಂದದ್ದು ಹೋದದ್ದು ಬರೆಯುತ್ತ, ಖರ್ಚಾದ ಅಕ್ಕಿಯಿಂದ ಒಂಬತ್ತು ಪೌಂಡ್ ಉಳಿತಾಯವಾಗಿದೆಯೆಂದು ತಿಳಿಸಿದರು. ಸ್ಟೇಟ್ ಪಾರ್ಕಿನೊಳಗೆ ಕಲ್ಲು ಎತ್ತುವಂತಿಲ್ಲವೆಂದು ಹೊರಗಿನ ದಡದಲ್ಲಿ ಅಗೇಟ್ ಕಲ್ಲುಗಳನ್ನು ಆಯ್ದು ಬಕೆಟ್ ತುಂಬಿಸಿದ್ದ ನನ್ನ ಮಗಳು, ಆ ಒಂಬತ್ತು ಪೌಂಡ್ ತನಗೆ ಮಂಜೂರಾಗಬೇಕೆಂದು ಅರ್ಜಿ ಸಲ್ಲಿಸಿದಳು. ಮಾವನವರು ಬಕೆಟ್ಟನ್ನು ಎತ್ತಿ ನೋಡಿ, "ಇದು ಇಪ್ಪತ್ತಕ್ಕೆ ಕಡಿಮೆಯಿಲ್ಲ, ಇರಲಿ, ಆಕ್ಸಲ್ ಮೇಲೆ ಇಡು, ನಿಮ್ಮಜ್ಜಿಯ ಗ್ರೈಂಡರಿನ ಪಕ್ಕದಲ್ಲಿ" ಎಂದು ಬರೆದುಕೊಂಡರು.