ನಾಲ್ಕು ಸಲ ವಿಶ್ವ ಚಾಂಪಿಯನ್, ಆದರೂ ಹೆಸರು ಗೊತ್ತಿಲ್ಲ

2016, 2019, 2020, 2021. ಜರ್ಮನಿಯ ಟೀನಾ ಹರ್ಮಾನ್ ಸ್ಕೆಲಿಟನ್‌ನಲ್ಲಿ, ಅಂದರೆ ಮಂಜುಗಡ್ಡೆಯ ಮೇಲೆ ಸ್ಲೆಡ್‌ನಲ್ಲಿ (ಜಾರುಬಂಡಿಯಲ್ಲಿ) ಜಾರುವ ಆಟದಲ್ಲಿ, ವಿಶ್ವ ಚಾಂಪಿಯನ್ ಆದ ವರ್ಷಗಳಿವು. ಮಹಿಳೆಯರ ಸಿಂಗಲ್ಸ್‌ನಲ್ಲಿ ಇಷ್ಟು ಸಲ ಗೆದ್ದವರು ಬೇರೆ ಯಾರೂ ಇಲ್ಲ. ಆದರೂ ಅವರ ಹೆಸರು ಹೇಳಿದರೆ "ಯಾರು?" ಅಂತಲೇ ಕೇಳುತ್ತಾರೆ. ಅವರ ಹತ್ತಿರ ಒಲಿಂಪಿಕ್ಸ್ ಪದಕ ಇಲ್ಲ, ಅಷ್ಟೇ ಕಾರಣ. ನನಗೆ ಇದು ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗುತ್ತಿದ್ದ ನಮ್ಮ ಭಾರತದ ಶಿವ ಕೇಶವನ್ ಆಡುತ್ತಿದ್ದದ್ದು ಲೂಜ್, ಅದೂ ಸ್ಲೆಡ್ ಆಟವೇ. ಅದರಲ್ಲಿ ಅಂಗಾತ ಮಲಗುತ್ತಾರೆ, ಕಾಲು ಮುಂದಿರುತ್ತದೆ. ಸ್ಕೆಲಿಟನ್‌ನಲ್ಲಿ ಬೋರಲು ಮಲಗಬೇಕು, ತಲೆ ಮುಂದೆ. ಸ್ಲೆಡ್ ಹಿಡಿದು, ಬಗ್ಗಿಕೊಂಡೇ ಓಡಿ, ಅದರ ಮೇಲೆ ಹಾರಿ ಮಲಗುತ್ತಾರೆ. ಆಮೇಲೆ ಮಂಜುಗಡ್ಡೆಯ ಕಾಲುವೆಯಲ್ಲಿ ಗಂಟೆಗೆ 120-130 ಕಿಲೋಮೀಟರ್ ವೇಗ. ಬ್ರೇಕ್ ಇಲ್ಲ, ಸ್ಟೇರಿಂಗ್ ಇಲ್ಲ. ಭುಜ, ಮೊಣಕಾಲು ಒತ್ತಿ ಒತ್ತಿಯೇ ತಿರುಗಿಸಬೇಕು. ಜಾಸ್ತಿ ಒತ್ತಿದರೆ ಸ್ಲೆಡ್ ಅಡ್ಡ ಜಾರುತ್ತದೆ, ವೇಗ ಹೋಗುತ್ತದೆ. ಗದ್ದಕ್ಕೂ ಮಂಜುಗಡ್ಡೆಗೂ ಕೆಲವೇ ಇಂಚು ಅಂತರ.

ವಿಶ್ವ ಚಾಂಪಿಯನ್‌ಷಿಪ್ ಸುಮ್ನೆ ಗೆಲ್ಲುವಂಥದ್ದಲ್ಲ. ಒಲಿಂಪಿಕ್ಸ್‌ನಲ್ಲಿ ಇರುವ ಹಾಗೇ ನಾಲ್ಕು ಸಲ ಇಳಿಯಬೇಕು, ನಾಲ್ಕರ ಸಮಯವನ್ನೂ ಕೂಡಿಸುತ್ತಾರೆ. ಎದುರಾಳಿಗಳೂ ಹೆಚ್ಚುಕಡಿಮೆ ಅವರೇ. ಹರ್ಮಾನ್ 2019ರಲ್ಲಿ ಗೆದ್ದದ್ದು ಕೆನಡಾದ ವಿಸ್ಲರ್‌ನಲ್ಲಿ. 2010ರ ಒಲಿಂಪಿಕ್ಸ್ ಶುರುವಾಗುವ ದಿನವೇ ಅಭ್ಯಾಸದ ವೇಳೆ ಜಾರ್ಜಿಯಾದ ಲೂಜ್ ಆಟಗಾರ ನೋದಾರ್ ಕುಮರಿತಾಶ್ವಿಲಿ ಪ್ರಾಣ ಕಳೆದುಕೊಂಡ ಟ್ರ್ಯಾಕ್ ಅದು. ಮುಂದಿನ ಎರಡು ವರ್ಷ ಗೆದ್ದದ್ದು ತಮ್ಮದೇ ದೇಶದ ಆಲ್ಟೆನ್‌ಬರ್ಗ್‌ನಲ್ಲಿ. ತವರು ಟ್ರ್ಯಾಕ್ ಅಂದರೆ ಸುಲಭ ಅನ್ನಬೇಡಿ. 17 ತಿರುವುಗಳಿರುವ ಅದು ಈ ಆಟದ ಕಷ್ಟದ ಟ್ರ್ಯಾಕ್‌ಗಳಲ್ಲಿ ಒಂದು. ಸತತ ಮೂರು ಪಟ್ಟ!

ಒಲಿಂಪಿಕ್ಸ್‌ನಲ್ಲಿ ಮಾತ್ರ 2018ರ ಪ್ಯೊಂಗ್‌ಚಾಂಗ್‌ನಲ್ಲಿ ಐದನೇ ಸ್ಥಾನ, 2022ರ ಬೀಜಿಂಗ್‌ನಲ್ಲಿ ನಾಲ್ಕನೇ ಸ್ಥಾನ. ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಅವರದೇ ತಂಡದ ಹನ್ನಾ ನೈಸೆ. ಆಗ ವಯಸ್ಸು 21, ಅಲ್ಲಿವರೆಗೆ ಒಂದು ವಿಶ್ವಕಪ್ ರೇಸ್ ಕೂಡ ಗೆದ್ದಿರಲಿಲ್ಲ. ಆ ಹುಡುಗಿಯ ಗೆಲುವು ನನಗೂ ಖುಷಿ ಕೊಟ್ಟಿತು. ಅಷ್ಟು ದೊಡ್ಡ ದಿನ ಅಷ್ಟು ಶಾಂತವಾಗಿ ನಾಲ್ಕೂ ಸಲ ಇಳಿಯುವುದು ಸಣ್ಣ ಮಾತಲ್ಲ. ಆದರೆ ಅದೇ ಪಟ್ಟಿಯಲ್ಲಿ ಮೂರು ಗೆರೆ ಕೆಳಗಿದ್ದ ಹೆಸರನ್ನು ಜನ ನೋಡಲೇ ಇಲ್ಲ. ಆ ಸಲ ಬಾಬ್‌ಸ್ಲೆಡ್ (ಸ್ಲೆಡ್ ಒಳಗೆ ಕೂತು ಜಾರುವ ಆಟ), ಲೂಜ್, ಸ್ಕೆಲಿಟನ್ ಸೇರಿ ಇದ್ದ 10 ಚಿನ್ನಗಳಲ್ಲಿ 9 ಜರ್ಮನಿಗೇ ಹೋದವು. ಅಷ್ಟು ಚಿನ್ನದ ನಡುವೆ ನಾಲ್ಕನೇ ಸ್ಥಾನವನ್ನು ಯಾರು ಗಮನಿಸುತ್ತಾರೆ, ಅಲ್ವಾ?

ಇಲ್ಲಿ ನಾವು ನೋಡುಗರದ್ದೂ ತಪ್ಪಿದೆ. ನಾಲ್ಕು ವರ್ಷಕ್ಕೊಮ್ಮೆ ಎರಡು ವಾರ ಈ ಆಟ ನೋಡುತ್ತೇವೆ, ಅಷ್ಟರಲ್ಲೇ ಯಾರು ದೊಡ್ಡವರು ಅಂತ ತೀರ್ಮಾನ ಮಾಡಿಬಿಡುತ್ತೇವೆ. ಉಳಿದ ಚಳಿಗಾಲಗಳಲ್ಲೆಲ್ಲ ಇವರು ಪ್ರತಿ ವಾರ ಒಂದೊಂದು ಊರಿನಲ್ಲಿ ಇಳಿಯುತ್ತಲೇ ಇರುತ್ತಾರೆ. 2015-16ರ ವಿಶ್ವಕಪ್ ಸರಣಿಯಲ್ಲೂ ಒಟ್ಟಾರೆ ಮೊದಲಿಗರು ಹರ್ಮಾನ್ ಅವರೇ. ನನ್ನ ಪ್ರಕಾರ ಮಹಿಳಾ ಸ್ಕೆಲಿಟನ್‌ನಲ್ಲಿ ಅವರಿಗಿಂತ ದೊಡ್ಡ ಹೆಸರು ಹುಡುಕುವುದು ಕಷ್ಟ.

ಬಿಡುವಿದ್ದಾಗ ಅವರ ಒಂದು ರೇಸ್ ಹುಡುಕಿ ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ವೇಗ ಬಿಡಿ, ತಿರುವಿನಲ್ಲಿ ಅವರ ಭುಜ ನೋಡಿ.