ಹಿಡಿಸೂಡಿಗೆ ಬಿ ಗ್ರೇಡ್

ಕಾಸರಗೋಡಿನ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನನ್ನ ತಂಗಿಯ ಮಗಳು ಏಳನೇ ಕ್ಲಾಸು. ಮೊನ್ನೆ ಅವಳು ಕಟ್ಟಿದ ಹಿಡಿಸೂಡಿಗೆ, ಅಂದರೆ ತೆಂಗಿನ ಕಡ್ಡಿಯ ಪೊರಕೆಗೆ, ಬಿ ಗ್ರೇಡ್ ಬಂತು. ಸೂಡಿಯಲ್ಲಿ ಕೊರತೆ ಏನೂ ಇರಲಿಲ್ಲ. ಅವಳ ಮಾತು ಸಾಕಾಗಲಿಲ್ಲವಂತೆ.

ಈಗ ಕೈಕೆಲಸಕ್ಕೆ ಮಾರ್ಕು ಹಾಕುವುದು ವಸ್ತು ನೋಡಿ ಅಲ್ಲ, ಸಂವಾದ ಮಾಡಿ. ಟೀಚರ್ ಕೇಳಬೇಕು, ಮಗು ಹೇಳಬೇಕು, ಆಮೇಲೆ ತನಗೆಷ್ಟು ಮಾರ್ಕು ಅಂತ ಮಗುವೇ ಬರೆಯಬೇಕು, ಪಕ್ಕದ ಬೆಂಚಿನವಳೂ ಬರೆಯಬೇಕು (ಅವಳ ಜೊತೆ ಹಿಂದಿನ ದಿನ ಪೆನ್ಸಿಲಿಗಾಗಿ ಜಗಳ ಆಗಿತ್ತು, ಆ ಮಾತು ಬೇರೆ). ಐಡಿಯಾ ಒಳ್ಳೆಯದೇ. ಆದರೆ ಸಂವಾದ ಅಂದ ಮೇಲೆ ಇಬ್ಬರಿಗೂ ಗೊತ್ತಿರುವ ಒಂದು ಭಾಷೆ ಬೇಕು, ಅಲ್ವಾ? 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದವರು. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬರುವುದು, ನಾವು ಗೇಟಿನೆದುರು ಧರಣಿ ಕೂರುವುದು ಇಲ್ಲಿ ಮಳೆಗಾಲದ ಹಾಗೆ, ಬಂದೇ ಬರುತ್ತದೆ.

"ಇದೆಂತಾಣ್?" ಅಂತ ಕೇಳಿದರಂತೆ ಸಾರ್.

"ಹಿಡಿಸೂಡಿ, ಸಾರ್."

"ಚೂಡಾ?"

ಮಲಯಾಳದಲ್ಲಿ ಚೂಡ್ ಅಂದರೆ ಬಿಸಿ. ಸಾರ್ ಪಾಪ, ಸೂಡಿಯ ಬುಡ ಮುಟ್ಟಿ ನೋಡಿದರಂತೆ. ತಣ್ಣಗಿತ್ತು. ಕೊನೆಗೆ ಹುಡುಗಿ ಅವರ ಮೇಜಿನ ಕೆಳಗೆ ನಾಲ್ಕು ಸಲ ಗುಡಿಸಿ ತೋರಿಸಿದಳು. ಇಡೀ ಪರೀಕ್ಷೆಯಲ್ಲಿ ನಡೆದ ನಿಜವಾದ ಸಂವಾದ ಅಷ್ಟೇ, ಮತ್ತು ಅದಕ್ಕೆ ಫಾರ್ಮಿನಲ್ಲಿ ಕಾಲಂ ಇರಲಿಲ್ಲ.

ಎ ಗ್ರೇಡ್ ಬಂದದ್ದು ಪ್ಲಾಸ್ಟಿಕ್ ಬಾಟಲಿಯ ಹೂದಾನಿಗೆ. ಮರುಬಳಕೆ ಮಾಡ್ಲಿಕ್ಕೆ ಅಂತ ಅಂಗಡಿಯಿಂದ ನಾಲ್ಕು ಹೊಸ ಬಾಟಲಿ ತಂದು, ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಹುಡುಗನ ಅಮ್ಮ ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸಿದ್ದು. ಹುಡುಗ ಪರಿಸರದ ಬಗ್ಗೆ ಎರಡು ನಿಮಿಷ ಚೆನ್ನಾಗಿ ಮಾತಾಡಿದ, ಅದೂ ಮಲಯಾಳದಲ್ಲಿ. ಶಾಲಾ ಮಕ್ಕಳ ಕೈಕೆಲಸದ ಸ್ಪರ್ಧೆ, ಅಂದರೆ ವೃತ್ತಿಪರಿಚಯ ಮೇಳವಾದರೆ ವಾಸಿ, ಅಲ್ಲಿ ಕಣ್ಣೆದುರೇ ಮೂರು ಗಂಟೆಯಲ್ಲಿ ಮಾಡಿ ತೋರಿಸಬೇಕು, ಅಮ್ಮಂದಿರನ್ನು ಹೊರಗೆ ನಿಲ್ಲಿಸುತ್ತಾರೆ.

ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೂತು, ಪಾಠ ಎಲ್ಲ ಒಂದು ಕೈಕೆಲಸದ ಸುತ್ತ ನಡೆಯಲಿ ಅಂದಿದ್ದರು. ಫಿನ್ಲೆಂಡಿನವರು 1866ರಲ್ಲೇ ಸ್ಲಾಯ್ಡ್ ಅಂತ ಮರಗೆಲಸದಂಥದ್ದನ್ನು ಶಾಲೆಗೆ ತಂದವರು. ಈಗ ನಮ್ಮಲ್ಲಿ ಪಾಠ ನಡೆಯುವುದು ಫಾರ್ಮಿನ ಸುತ್ತ.

ನಮ್ಮ ಅಜ್ಜಿಯೂ ಮೌಲ್ಯಮಾಪನ ಮಾಡುತ್ತಾರೆ. ಗರಿಯಿಂದ ಕಡ್ಡಿ ಹೆರೆಯುವಾಗ ಮಾತಿಲ್ಲ. ಕಟ್ಟಿದ ಮೇಲೆ ಸೂಡಿಯ ಬುಡವನ್ನು ಕಲ್ಲಿಗೆ ಕುಟ್ಟಿ ಸಮ ಮಾಡಿ, ಎತ್ತಿ, ಜೋರಾಗಿ ಒಮ್ಮೆ ಕೊಡವುತ್ತಾರೆ. ಒಂದೇ ಒಂದು ಕಡ್ಡಿ ಜಾರಿದರೂ ಹಗ್ಗ ಬಿಚ್ಚಿ, ಇಡೀ ರಾಶಿಯನ್ನು ನಿಮ್ಮ ಮಡಿಲಿಗೇ ಹಾಕುತ್ತಾರೆ. "ಬಿಗಿ ಸಾಲ್ದು" ಅಷ್ಟೇ ಮಾತು. ಎರಡನೇ ಸಲ ನಿಮ್ಮ ಬೆರಳ ಮೇಲೆ ತಮ್ಮ ಬೆರಳಿಟ್ಟು ಹಗ್ಗ ಎಳೆಯುತ್ತಾರೆ, ಎಷ್ಟು ಬಿಗಿ ಬೇಕು ಅಂತ ಆಗ ಕೈಗೆ ಗೊತ್ತಾಗುತ್ತದೆ. ತಂಗಿಯ ಮಗಳ ಸೂಡಿ ಮೂರು ಸಲ ಬಿಚ್ಚಿಸಿಕೊಂಡು ನಾಲ್ಕನೇ ಸಲ ಪಾಸಾದದ್ದು. ಇದನ್ನು ಬರೆಯಲು ಸ್ವಮೌಲ್ಯಮಾಪನದ ಹಾಳೆಯಲ್ಲಿ ಜಾಗ ಎಲ್ಲಿದೆ? ಅಲ್ಲಿ ಕೇಳಿದ್ದು "ಈ ಚಟುವಟಿಕೆಯಿಂದ ನಿನ್ನಲ್ಲಿ ಯಾವ ಮೌಲ್ಯ ಬೆಳೆಯಿತು?" ಅಂತ. ಹುಡುಗಿ ಯೋಚಿಸಿ ಬರೆದಳು: "ಬೆರಳು ನೋವಾಯಿತು."

ಬಿ ಗ್ರೇಡ್ ಸುದ್ದಿ ಅಜ್ಜಿಗೆ ಹೇಳಿದೆವು. ಸೂಡಿಯನ್ನು ತಿರುಗಿಸಿ ನೋಡಿದರು, ಮತ್ತೊಮ್ಮೆ ಕೊಡವಿದರು. ಏನೂ ಬೀಳಲಿಲ್ಲ.

"ಮಾರ್ಕು ಹಾಕಿದವರ ಮನೆಗೆ ಅಂಗಳ ಉಂಟಾ?"

"ಉಂಟಜ್ಜಿ, ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾರೆ."

"ಓ, ಹಾಗಾದ್ರೆ ಸರಿ" ಅಂತ ಸೂಡಿ ಹಿಡಿದು ಅಂಗಳಕ್ಕೆ ಇಳಿದರು.