ಹಸು ಕಟ್ಟೋದೆಲ್ಲಿ ಸ್ವಾಮಿ?

ಮೂರನೇ ಮಗು ಹೆಣ್ಣಾದರೆ 50,000 ರೂಪಾಯಿ, ಗಂಡಾದರೆ ಹಸು. ಆಂಧ್ರದ ವಿಜಯನಗರಂ ಸಂಸದರು 2025ರ ಮಾರ್ಚ್‌ನಲ್ಲಿ ಕೊಟ್ಟ ಈ ಆಫರ್ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ದುಡ್ಡು ಹೇಗೋ ಖರ್ಚಾಗುತ್ತೆ ಬಿಡಿ, ನನಗೆ ಹಸುವಿನದೇ ಚಿಂತೆ. ನಮ್ಮದು ಬೆಂಗಳೂರಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಟೆರೇಸಲ್ಲಿ ಹಪ್ಪಳ ಒಣಗಿಸಿದರೇ ಓನರ್ ಆಂಟಿ ಕೆಳಗಿಂದ ಕೂಗ್ತಾರೆ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವವರು ಸಗಣಿಗೆ ಎಷ್ಟು ಮುರೀತಾರೋ! ಹಾಗಂತ ಹಸು ಮಹಡಿ ಹತ್ತಲ್ಲ ಅಂತೇನಿಲ್ಲ. ಒಂದು ಗೃಹಪ್ರವೇಶಕ್ಕೆ ಅದನ್ನು ಲಿಫ್ಟಲ್ಲೇ ಐದನೇ ಮಹಡಿಗೆ ಕರೆತಂದಿದ್ದು ನೋಡಿದ್ದೇನೆ. ಪಾಪ, ಗಾಬರಿಗೆ ಹೊಸ ಟೈಲ್ಸ್ ಮೇಲೇ ಎಲ್ಲಾ ಮುಗಿಸಿತು. ಪುರೋಹಿತರು ಮಾತ್ರ ಬಹಳ ಶುಭ ಅಂದರು.

ಜಾಸ್ತಿ ಹೆರಿ ಅಂತ ದೊಡ್ಡ ನಾಯಕರೂ ಹೇಳಿದ್ದಾರೆ. ತಮಿಳುನಾಡಿನ ಸ್ಟಾಲಿನ್ ಅವರಿಗೆ ಜನ ಕಮ್ಮಿಯಾದರೆ ಲೋಕಸಭೆ ಸೀಟೂ ಕಮ್ಮಿಯಾಗುವ ಚಿಂತೆ, ಆಂಧ್ರದ ಚಂದ್ರಬಾಬು ನಾಯ್ಡು ಅವರಿಗೆ ಮುದುಕರು ಜಾಸ್ತಿಯಾಗುವ ಚಿಂತೆ. ಜಾಸ್ತಿ ಹೆರಿ ಅನ್ನೋ ನಾಯ್ಡು ಅವರಿಗೆ ಇರೋದು ಒಬ್ಬನೇ ಮಗ. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೇ ನಿಲ್ಲಬಾರದು ಅಂತ ಮೂವತ್ತು ವರ್ಷ ಕಾನೂನು ಇಟ್ಟುಕೊಂಡಿದ್ದ ರಾಜ್ಯ ಅದು, ತೆಗೆದಿದ್ದೇ 2024ರಲ್ಲಿ. ನಮ್ಮಲ್ಲೂ ಅಷ್ಟೇ. ಆರತಿಗೊಬ್ಬಳು, ಕೀರ್ತಿಗೊಬ್ಬ ಅಂತ ಆಸ್ಪತ್ರೆ ಗೋಡೆ ತುಂಬಾ ಬರೆಸಿದರು. ಜನ ಹೇಳಿದ ಮಾತು ಕೇಳಿದರು, ಸ್ವಲ್ಪ ಜಾಸ್ತಿಯೇ ಕೇಳಿದರು. 2019-21ರ ಕೇಂದ್ರದ ಆರೋಗ್ಯ ಸಮೀಕ್ಷೆ ಲೆಕ್ಕ ಹಾಕಿದಾಗ ಕರ್ನಾಟಕದಲ್ಲಿ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಆರತಿ ಬಂದಳು, ಕೀರ್ತಿ ಮುಕ್ಕಾಲು ದಾರಿಯೂ ಬರಲಿಲ್ಲ.

ಯಾಕೆ ಬರಲಿಲ್ಲ ಅಂತ ಯಾರಾದರೂ ಕೇಳಿದರಾ? ಮೊನ್ನೆ ಮಗಳ ಎಲ್‌ಕೆಜಿಗೆ ಅಂತ ಒಂದು ಸ್ಕೂಲಿಗೆ ಹೋಗಿದ್ದೆ. ಕೊಟ್ಟ ಚೀಟಿಯಲ್ಲಿ ಫೀಸು ಬೇರೆ, ಬಸ್ಸು ಬೇರೆ, ಪುಸ್ತಕ ಬೇರೆ, ಆಮೇಲೆ ‘ಆಕ್ಟಿವಿಟಿ’ ಅಂತ ಇನ್ನೊಂದು. ಅದೇನು ಮೇಡಂ ಅಂದೆ. ಮಣ್ಣಲ್ಲಿ ಆಡಿಸ್ತೀವಿ ಸರ್ ಅಂದರು.

ಕೇಂದ್ರದ ಕಾನೂನಿನಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ, ಎರಡು ಮಕ್ಕಳಿದ್ದು ಮತ್ತೆ ಹೆತ್ತರೆ 12 ವಾರ. ವೇದಿಕೆ ಮೇಲೆ ಮೂರು ಹೆರಿ ಅಂತೀರಿ, ಮೂರನೆಯದಕ್ಕೆ ರಜೆಯನ್ನೇ ಅರ್ಧಕ್ಕಿಂತ ಕಮ್ಮಿ ಮಾಡಿದ್ದೀರಿ. ಮೂರು ತಿಂಗಳ ಕೂಸನ್ನು ಯಾರ ಕೈಗೆ ಕೊಟ್ಟು ಆಫೀಸಿಗೆ ಹೋಗಬೇಕು ಅವಳು? ಹಸುವಿನ ಕೈಗಾ? ಸಾಕಾಗಿದೆ ಸ್ವಾಮಿ.

ಇದನ್ನೆಲ್ಲ ಮನೆಯಲ್ಲಿ ಜೋರಾಗಿ ಹೇಳಬಾರದಿತ್ತು. ಮಗಳು ಕೇಳಿಸಿಕೊಂಡಿದ್ದಾಳೆ. ತಮ್ಮ ಬೇಡವಂತೆ, ಹಸು ಮಾತ್ರ ತಗೊಂಡು ಬಾ ಅಂತಿದ್ದಾಳೆ.